ಕಲ್ಲಿನಲ್ಲಿ ಇಲ್ಲದ ಸಾಲನ್ನು ಓದುವುದು ಹೇಗೆ?

ಪ್ರಶ್ನೆ: ಮಗಳನ್ನು ನೋಡಲು ಇಂಗ್ಲೆಂಡಿಗೆ ಹೋಗಿದ್ದಾಗ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಮ್ಯೂಸಿಯಂಗೆ ಹೋಗಿದ್ದೆವು. ಅಲ್ಲಿ ಅಮೃತಶಿಲೆಯ ಒಂದು ತುಂಡು ನೋಡಿದೆ. ಮೈತುಂಬ ಸಣ್ಣ ಸಣ್ಣ ಗ್ರೀಕ್ ಅಕ್ಷರ. ಪಾರೋಸ್ ದ್ವೀಪದ ಶಾಸನವಂತೆ. ಟ್ರಾಯ್ ನಗರ ಬಿದ್ದದ್ದು ಕ್ರಿ.ಪೂ. 1209ರಲ್ಲಿ ಅಂತ ಇದರಲ್ಲಿ ಬರೆದಿದೆ ಎಂದು ಮಗಳು ಫೋನಿನಲ್ಲಿ ಹುಡುಕಿ ಹೇಳಿದಳು. ಆದರೆ ಎಷ್ಟೋ ಕಡೆ ಅಕ್ಷರ ಸವೆದು ಏನೂ ಕಾಣುವುದಿಲ್ಲ. ಕಾಣದ ಅಕ್ಷರವನ್ನು ಹೇಗೆ ಓದುತ್ತಾರೆ? ಅದು ಬರೀ ಊಹೆ ಅಲ್ವಾ? ಟ್ರಾಯ್‌ನ ಇಸವಿಯನ್ನು ನಂಬಬಹುದಾ? ಉಳಿದ ತುಂಡು ಎಲ್ಲಿ ಹೋಯಿತು?

ಉತ್ತರ: ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನೀವು ಗ್ರೀಕ್ ಕಲಿತು, ಭೂತಗನ್ನಡಿ ಹಿಡಿದು, ಇಡೀ ದಿನ ಆ ಕಲ್ಲಿನ ಮುಂದೆ ಕೂತಿದ್ದರೂ ಟ್ರಾಯ್‌ನ ಸಾಲು ನಿಮಗೆ ಸಿಗುತ್ತಿರಲಿಲ್ಲ. ಅದು ಸವೆದು ಹೋಗಿದೆ ಅಂತಲ್ಲ. ಆ ಸಾಲು ಇದ್ದ ಕಲ್ಲೇ ಅಲ್ಲಿಲ್ಲ. ಸುಮಾರು ಮುನ್ನೂರೈವತ್ತು ವರ್ಷಗಳಿಂದ ಅದನ್ನು ಕಂಡವರೇ ಇಲ್ಲ.

ಹಾಗಾದರೆ 1209 ಎಲ್ಲಿಂದ ಬಂತು? ಅದಕ್ಕೆ ಕಲ್ಲಿನ ಕಥೆಯನ್ನೇ ಹೇಳಬೇಕಾಗುತ್ತದೆ.

ಪಾರೋಸ್ ಗ್ರೀಸ್‌ನ ಏಜಿಯನ್ ಸಮುದ್ರದಲ್ಲಿರುವ ದ್ವೀಪ. ಅಲ್ಲಿನ ಅಮೃತಶಿಲೆಗೆ ಆಗಿನ ಕಾಲದಲ್ಲಿ ದೊಡ್ಡ ಹೆಸರು. ಪ್ಯಾರಿಸ್‌ನ ಲೂವ್ರ್‌ನಲ್ಲಿರುವ ರೆಕ್ಕೆಯ ವಿಜಯದೇವತೆ ಇದೆಯಲ್ಲ, ಅದನ್ನು ಕೆತ್ತಿದ್ದು ಪಾರೋಸ್‌ನ ಕಲ್ಲಿನಲ್ಲೇ. ಕ್ರಿ.ಪೂ. 264ರ ಹೊತ್ತಿಗೆ ಆ ದ್ವೀಪದಲ್ಲಿ ಯಾರೋ ಒಬ್ಬ ಒಂದು ಎತ್ತರದ ಚಪ್ಪಡಿ ನಿಲ್ಲಿಸಿ, ಅದರ ಮೇಲೆ ಗ್ರೀಕರ ಇಡೀ ಇತಿಹಾಸವನ್ನು ತಾರೀಖಿನ ಲೆಕ್ಕದಲ್ಲಿ ಕೆತ್ತಿಸಿದ. ಅಥೆನ್ಸ್‌ನ ಮೊದಲ ದೊರೆ ಕೆಕ್ರಾಪ್ಸ್‌ನಿಂದ ಶುರು, ತನ್ನ ಕಾಲಕ್ಕೆ ಮುಕ್ತಾಯ. ಅಂದರೆ ಸಾವಿರದ ಮುನ್ನೂರು ವರ್ಷಕ್ಕೂ ಜಾಸ್ತಿ. ಕೆತ್ತಿಸಿದವನ ಹೆಸರು ಮಾತ್ರ ನಮಗೆ ಉಳಿದಿಲ್ಲ.

ಆ ಚಪ್ಪಡಿ ಯಾವಾಗಲೋ ಒಡೆಯಿತು. ಹದಿನೇಳನೇ ಶತಮಾನದ ಆರಂಭದಲ್ಲಿ ಅದರ ಮೇಲಿನ ಎರಡು ತುಂಡುಗಳು ಇವತ್ತಿನ ಟರ್ಕಿಯ ಸ್ಮಿರ್ನಾ, ಅಂದರೆ ಇಜ್ಮಿರ್ ಪಟ್ಟಣದಲ್ಲಿ ಮಾರಾಟಕ್ಕೆ ಬಂದವು. ಮೊದಲು ಅವುಗಳ ಮೇಲೆ ಕಣ್ಣು ಹಾಕಿದವನು ಪೆಯ್‌ರೆಸ್ಕ್ ಎಂಬ ಫ್ರೆಂಚ್ ವಿದ್ವಾಂಸ. ಅವನ ಕಡೆಯವನು ದುಡ್ಡು ಕೊಟ್ಟು ಕಲ್ಲು ಕೊಂಡಿದ್ದ. ಅಷ್ಟರಲ್ಲಿ ಅವನನ್ನು ಹಿಡಿದು ಜೈಲಿಗೆ ಹಾಕಿದರು, ಕಲ್ಲು ಕೈತಪ್ಪಿತು. ಆಮೇಲೆ ಅವು ವಿಲಿಯಂ ಪೆಟ್ಟಿ ಎಂಬ ಪಾದ್ರಿಯ ಕೈಗೆ ಬಂದವು. ಈ ಪೆಟ್ಟಿ ಇಂಗ್ಲೆಂಡಿನ ಅರುಂಡೆಲ್‌ನ ಅರ್ಲ್ ಎಂಬ ಪದವಿಯ ಶ್ರೀಮಂತ ಥಾಮಸ್ ಹೊವಾರ್ಡ್‌ಗೋಸ್ಕರ ಪೂರ್ವದ ಕಡೆ ತಿರುಗುತ್ತಾ ಶಿಲ್ಪ, ಶಾಸನ ಕೊಳ್ಳುತ್ತಿದ್ದವನು. ಸುಮ್ನೆ ಅಂಗಡಿಗೆ ಹೋಗಿ ಕೊಂಡು ಬಂದವನಲ್ಲ. ಒಮ್ಮೆ ಹಡಗು ಮುಳುಗಿ ಕೂಡಿಸಿದ್ದನ್ನೆಲ್ಲ ಕಳೆದುಕೊಂಡ, ಗೂಢಚಾರ ಎಂಬ ಅನುಮಾನದ ಮೇಲೆ ಸೆರೆಯಲ್ಲೂ ಇದ್ದ. ಅಂತೂ 1627ರಲ್ಲಿ ಕಲ್ಲುಗಳು ಲಂಡನ್ ಮುಟ್ಟಿದವು. ಥೇಮ್ಸ್ ನದಿಯ ದಡದ ಅರುಂಡೆಲ್ ಹೌಸ್ ಎಂಬ ಬಂಗಲೆಯ ತೋಟದಲ್ಲಿ ಇಳಿದವು.

ಅಲ್ಲಿ ಜಾನ್ ಸೆಲ್ಡನ್ ಎಂಬ ವಕೀಲ ಇಬ್ಬರು ಸ್ನೇಹಿತರ ಜೊತೆ ಕೂತು ಅಕ್ಷರ ಅಕ್ಷರವಾಗಿ ಓದಿ ನಕಲು ಮಾಡಿದ. 1628ರಿಂದ 29ರೊಳಗೆ ಅದನ್ನು ಅಚ್ಚು ಹಾಕಿಸಿದ. ಬಹಳ ಆತುರದ ಕೆಲಸ. ಆದರೆ ಅವನು ಆತುರ ಪಟ್ಟದ್ದೇ ಒಳ್ಳೆಯದಾಯಿತು.

ಯಾಕೆಂದರೆ 1642ರಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ಶುರುವಾಯಿತು. ಅರ್ಲ್ ದೇಶ ಬಿಟ್ಟು ಹೋದ. ಬಂಗಲೆಯ ಕಲ್ಲುಗಳಿಗೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಆ ಗಲಾಟೆಯ ವರ್ಷಗಳಲ್ಲಿ ಎರಡು ತುಂಡುಗಳಲ್ಲಿ ಮೇಲಿನದು ಕಾಣೆಯಾಯಿತು. ಅದನ್ನು ಆ ಮನೆಯದೇ ಒಂದು ಅಗ್ಗಿಷ್ಟಿಕೆ ರಿಪೇರಿಗೆ ಹಾಕಿದರು ಎಂಬ ಮಾತು ಆಗಿನಿಂದ ನಡೆದು ಬಂದಿದೆ. ನನಗೆ ಇದನ್ನು ನಂಬುವುದು ಕಷ್ಟವಾಗುವುದಿಲ್ಲ. ನಮ್ಮ ಕಡೆ ಶಾಸನ ಹುಡುಕಿಕೊಂಡು ಊರೂರು ತಿರುಗಿದವರಿಗೆ ಇದು ಹೊಸದೇನಲ್ಲ. ನಾನೇ ಒಂದು ವೀರಗಲ್ಲನ್ನು ಬಟ್ಟೆ ಒಗೆಯುವ ಕಲ್ಲಾಗಿ ನೋಡಿದ್ದೇನೆ. ಮಗುಚಿ ಹಾಕಿದ್ದರಿಂದ ಅಕ್ಷರ ಚೆನ್ನಾಗಿ ಉಳಿದಿತ್ತು. ಮೇಲ್ಮುಖವಾಗಿ ಹಾಕಿದ್ದರೆ ಸೋಪು ಮತ್ತು ಕೈಬಲಕ್ಕೆ ಯಾವತ್ತೋ ಹೋಗಿರುತ್ತಿತ್ತು.

ಉಳಿದ ಕೆಳಗಿನ ತುಂಡು ಲಂಡನ್‌ನ ಕಲ್ಲಿದ್ದಲ ಹೊಗೆಗೆ ಸವೆಯುತ್ತಾ ತೋಟದಲ್ಲಿ ಬಿದ್ದಿತ್ತು. ಜಾನ್ ಎವ್ಲಿನ್ ಎಂಬ ಸಜ್ಜನ ಅದನ್ನು ನೋಡಿ ಸಂಕಟಪಟ್ಟು, ಅರ್ಲ್‌ನ ಮೊಮ್ಮಗ ಹೆನ್ರಿ ಹೊವಾರ್ಡ್‌ನನ್ನು ಒಪ್ಪಿಸಿ, 1667ರಲ್ಲಿ ಎಲ್ಲವನ್ನೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕೊಡಿಸಿದ. ನೀವು ನೋಡಿದ್ದು ಆ ತುಂಡು.

ಈಗ ಲೆಕ್ಕ ಹಾಕಿ. ಇಂಗ್ಲೆಂಡಿಗೆ ಬಂದ ಪಠ್ಯ ಒಟ್ಟು 93 ಸಾಲು. ಅದರಲ್ಲಿ ಮೊದಲ 45 ಸಾಲು ಕಾಣೆಯಾದ ತುಂಡಿನಲ್ಲಿದ್ದವು. ಕೆಕ್ರಾಪ್ಸ್, ಮಹಾಪ್ರಳಯ, ಟ್ರಾಯ್, ಟ್ರಾಯ್ ಯುದ್ಧದ ಕಥೆ ಹಾಡಿದ ಕವಿ ಹೋಮರ್ ಎಲ್ಲ ಇರುವುದು ಆ ಭಾಗದಲ್ಲೇ. ಈ ಶಾಸನದ ಅತ್ಯಂತ ಪ್ರಸಿದ್ಧ ಸಾಲುಗಳು ಇವತ್ತು ಯಾವ ಕಲ್ಲಿನ ಮೇಲೂ ಇಲ್ಲ. ಸೆಲ್ಡನ್‌ನ ಪುಸ್ತಕದಲ್ಲಿ ಮಾತ್ರ ಇವೆ. ಅವನು ಒಂದು ಅಕ್ಷರ ತಪ್ಪಾಗಿ ಓದಿದ್ದರೆ, ಅದೇ ನಮಗೆ ಗತಿ. ಹೋಗಿ ಇನ್ನೊಮ್ಮೆ ನೋಡೋಣ ಅಂದರೆ ನೋಡಲು ಏನಿದೆ?

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಇಲ್ಲದ ಅಕ್ಷರವನ್ನು ಓದುವುದು.

ಇದರಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಸವೆದಿರುವ ಅಕ್ಷರವನ್ನು ಕಾಣುವ ಹಾಗೆ ಮಾಡುವುದು ಒಂದು. ಪೂರ್ತಿ ಹೋಗಿರುವುದನ್ನು ತುಂಬುವುದು ಇನ್ನೊಂದು. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಬಹುಮಟ್ಟಿಗೆ ಬೆಳಕಿನ ಕೆಲಸ. ನೀವು ಕಲ್ಲನ್ನು ಎದುರಿಗೆ ನಿಂತು ನೋಡಿರುತ್ತೀರಿ. ಮ್ಯೂಸಿಯಂನಲ್ಲಿ ಬೆಳಕೂ ಸಾಮಾನ್ಯವಾಗಿ ಎದುರಿನಿಂದಲೋ ಮೇಲಿನಿಂದಲೋ ಬೀಳುತ್ತದೆ. ಶಾಸನ ಓದುವವರು ಟಾರ್ಚನ್ನು ಕಲ್ಲಿನ ಮೈಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿಯುತ್ತಾರೆ. ಆಗ ಕೂದಲೆಳೆಯಷ್ಟು ತಗ್ಗು ಇದ್ದರೂ ನೆರಳು ಬೀಳುತ್ತದೆ. ನಮ್ಮಲ್ಲಿ ಶಾಸನ ಓದುವವರು ಬೆಳಗಿನ ಬಿಸಿಲಿಗೋ ಇಳಿಬಿಸಿಲಿಗೋ ಕಾಯುವುದು ಇದಕ್ಕೇ.

ಇನ್ನೊಂದು ದಾರಿ ಪಡಿಯಚ್ಚು. ನಮ್ಮಲ್ಲಿ ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ತಟ್ಟಿ, ಮೇಲೆ ಮಸಿ ಒತ್ತುತ್ತಾರೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರುತ್ತದೆ. ಗ್ರೀಕ್ ಶಾಸನದವರು ಮಸಿ ಮುಟ್ಟುವುದಿಲ್ಲ. ಅವರದು ಸ್ವಲ್ಪ ದಪ್ಪ ಕಾಗದ. ಒದ್ದೆ ಮಾಡಿ, ಗಟ್ಟಿ ಬ್ರಷ್‌ನಿಂದ ಚೆನ್ನಾಗಿ ಬಡಿದು, ಒಣಗಲು ಬಿಟ್ಟು ಬಿಡಿಸಿಕೊಳ್ಳುತ್ತಾರೆ. ಕಾಗದವೇ ಅಚ್ಚಾಗುತ್ತದೆ. ತಗ್ಗಾಗಿದ್ದ ಅಕ್ಷರ ಕಾಗದದ ಹಿಂಭಾಗದಲ್ಲಿ ಉಬ್ಬಾಗಿ, ಕನ್ನಡಿಯಲ್ಲಿ ಕಂಡಂತೆ ತಿರುಗಿ ನಿಲ್ಲುತ್ತದೆ. ಅದನ್ನು ಸುರುಳಿ ಸುತ್ತಿ ಮನೆಗೆ ಒಯ್ದು, ದೀಪದ ಕೆಳಗೆ ಅತ್ತ ಇತ್ತ ತಿರುಗಿಸುತ್ತಾ ವರ್ಷಗಟ್ಟಲೆ ಓದಬಹುದು. ಈಗ ಬೇರೆ ಬೇರೆ ಕೋನದಿಂದ ಬೆಳಕು ಬಿಟ್ಟು ಹತ್ತಾರು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ಕೂಡಿಸುವ ವಿಧಾನವೂ ಇದೆ. ಆದರೂ ಕಾಗದದ ಅಚ್ಚನ್ನು ಯಾರೂ ಬಿಟ್ಟಿಲ್ಲ.

ಎರಡನೆಯದು, ತುಂಬುವ ಕೆಲಸ. ಇದು ಪೂರ್ತಿ ಊಹೆಯಲ್ಲ. ಪೂರ್ತಿ ಓದೂ ಅಲ್ಲ. ಈ ಶಾಸನ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ, ಯಾಕೆಂದರೆ ಇದರ ಪ್ರತಿ ನಮೂದಿಗೂ ಒಂದೇ ಅಚ್ಚು ಇದೆ. ಪ್ರತಿಯೊಂದೂ 'ಅಫ್ ಹೂ' ಎಂದು ಶುರುವಾಗುತ್ತದೆ. ಅಂದರೆ 'ಇಂಥದ್ದು ಆದಂದಿನಿಂದ'. ಆಮೇಲೆ ಏನಾಯಿತು ಎಂಬ ವಿವರ. ಆಮೇಲೆ 'ಎಟೇ', ಅಂದರೆ ವರ್ಷಗಳು, ಅದರ ಮುಂದೆ ಒಂದು ಸಂಖ್ಯೆ. ಕೊನೆಗೆ 'ಅಥೆನ್ಸ್‌ನಲ್ಲಿ ಇಂಥವನು ದೊರೆಯಾಗಿದ್ದಾಗ', ಅಥವಾ ದೊರೆಗಳ ಕಾಲ ಮುಗಿದ ಮೇಲೆ 'ಇಂಥವನು ಆರ್ಕನ್ ಆಗಿದ್ದಾಗ'. ಆರ್ಕನ್ ಅಂದರೆ ವರ್ಷಕ್ಕೊಬ್ಬನಂತೆ ಬರುತ್ತಿದ್ದ ಅಧಿಕಾರಿ. ಅವನ ಹೆಸರೇ ಆ ವರ್ಷದ ಹೆಸರು.

ನಮ್ಮ ಶಾಸನ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. 'ಸ್ವಸ್ತಿ ಶ್ರೀ' ಅಂತ ಶುರುವಾದ ಮೇಲೆ ಮುಂದೆ ಏನು ಬರಬಹುದು, 'ಸ್ವದತ್ತಾಂ ಪರದತ್ತಾಂ' ಅಂತ ಎರಡು ಪದ ಕಂಡರೆ ಉಳಿದದ್ದು ಏನು ಅಂತ ಬಾಯಿಪಾಠವೇ ಇರುತ್ತದಲ್ಲ. ಕಲ್ಲು ಒಡೆದಿದ್ದರೂ, ದಾನ ಕಿತ್ತುಕೊಳ್ಳುವವನಿಗೆ ಶಾಪ ಹಾಕುವ ಆ ಶ್ಲೋಕವನ್ನು ತುಂಬಲು ಯಾರಿಗೂ ಹೆದರಿಕೆ ಇಲ್ಲ. ಹಾಗೇ ಪಾರೋಸ್‌ನ ಕಲ್ಲಿನಲ್ಲಿ 'ಆರ್ಕನ್' ಪದದ ಮೊದಲರ್ಧ ಹೋಗಿ ಕೊನೆಯರ್ಧ ಉಳಿದಿದ್ದರೆ, ಅದನ್ನು ತುಂಬುವುದು ಕ್ಷೇಮ. ಜೊತೆಗೆ ಜಾಗದ ಅಳತೆ ಇದೆ. ಕೆತ್ತುವವನ ಕೈ ಅಷ್ಟೊಂದು ಏರುಪೇರಾಗುವುದಿಲ್ಲ. ಖಾಲಿ ಜಾಗಕ್ಕೆ ಆರು ಅಕ್ಷರ ಹಿಡಿಸುವುದಾದರೆ ಹನ್ನೆರಡು ಅಕ್ಷರದ ಹೆಸರು ತುಂಬಲು ಬರುವುದಿಲ್ಲ.

ಕಷ್ಟ ಇರುವುದು ಹೆಸರುಗಳಲ್ಲಿ. ಶಾಸನದ ಪೀಠಿಕೆಯನ್ನೇ ನೋಡಿ. ಬರೆದವನು ತಾನೇ ಹೇಳುತ್ತಾನೆ: ಅಥೆನ್ಸ್‌ನ ಮೊದಲ ದೊರೆ ಕೆಕ್ರಾಪ್ಸ್‌ನಿಂದ ಹಿಡಿದು, ಪಾರೋಸ್‌ನಲ್ಲಿ ಇಂಥವನು, ಅಥೆನ್ಸ್‌ನಲ್ಲಿ ಡಿಯೋಗ್ನೆಟಸ್ ಆರ್ಕನ್ ಆಗಿರುವವರೆಗೆ ಬರೆದಿದ್ದೇನೆ. ಪಾರೋಸ್‌ನ ಆ 'ಇಂಥವನ' ಹೆಸರು ಪೂರ್ತಿ ಉಳಿದಿರಲಿಲ್ಲ. ಸೆಲ್ಡನ್‌ಗೆ ಕಂಡದ್ದು ಬಾಲ ಮಾತ್ರ, '...ಯುಆನಾಕ್ಸ್' ಅನ್ನುವಷ್ಟು. ಪುಸ್ತಕಗಳಲ್ಲಿ ನೀವು 'ಆಸ್ಟ್ಯುಆನಾಕ್ಸ್' ಅಂತ ನೋಡುತ್ತೀರಿ. ಅದರ ತಲೆ ವಿದ್ವಾಂಸರು ಜೋಡಿಸಿದ್ದು. ಹಾಗೆ ಮುಗಿಯುವ ಗ್ರೀಕ್ ಹೆಸರುಗಳಲ್ಲಿ ಇದು ಚೆನ್ನಾಗಿ ಕೂರುತ್ತದೆ, ಅಷ್ಟೇ. ನಮ್ಮಲ್ಲಿ '...ವರ್ಮ' ಅಂತ ಮಾತ್ರ ಉಳಿದಿದ್ದರೆ ಏನು ಮಾಡುತ್ತೀರಿ? ಆಸೆ ಪಟ್ಟು 'ಮಯೂರ' ಅಂತ ಸೇರಿಸಬಹುದು. ರವಿವರ್ಮ, ಕಾಕುಸ್ಥವರ್ಮ ಕಾಯುತ್ತಾ ನಿಂತಿರುತ್ತಾರೆ.

ಇದಕ್ಕಾಗಿಯೇ ಒಂದು ಶಿಸ್ತು ಇದೆ. 1931ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವಿದ್ವಾಂಸರು ಸೇರಿ ಚಿಹ್ನೆಗಳನ್ನು ಒಪ್ಪಿಕೊಂಡರು. ಕಲ್ಲಿನಲ್ಲಿ ಇಲ್ಲದೆ ನಾವು ತುಂಬಿದ್ದು ಚೌಕ ಕಂಸದೊಳಗೆ. ಅರೆಬರೆ ಕಂಡ ಅಕ್ಷರದ ಕೆಳಗೆ ಒಂದು ಚುಕ್ಕೆ. ಕೆತ್ತಿದವನು ಬಿಟ್ಟಿದ್ದನ್ನು ನಾವು ಸೇರಿಸಿದರೆ ಅದಕ್ಕೆ ಬೇರೆ ಕಂಸ. ಮುದ್ರಿತ ಪಠ್ಯ ನೋಡಿದರೆ ಬೇಲಿ ಹಾಕಿದ ಹಾಗೆ ಕಾಣುತ್ತದೆ. ಓದಲು ಕಿರಿಕಿರಿ. ಆದರೆ ಎಲ್ಲಿ ಕಲ್ಲು ಮಾತಾಡುತ್ತಿದೆ, ಎಲ್ಲಿ ಪ್ರೊಫೆಸರ್ ಮಾತಾಡುತ್ತಿದ್ದಾರೆ ಅಂತ ಅದರಿಂದಲೇ ತಿಳಿಯುವುದು. ತೊಂದರೆ ಆಗುವುದು ಅನುವಾದದಲ್ಲಿ. ಅನುವಾದಕ್ಕೆ ಬಂದಾಗ ಕಂಸ ಉದುರುತ್ತದೆ. ಅಲ್ಲಿಂದ ಪಠ್ಯಪುಸ್ತಕಕ್ಕೆ, ಅಲ್ಲಿಂದ ಫೋನಿಗೆ. ನಿಮ್ಮ ಮಗಳಿಗೆ ಸಿಕ್ಕಿದ್ದು ಕಂಸ ಉದುರಿದ ಪಠ್ಯ.

ನಾನೂ ಈ ತಪ್ಪು ಮಾಡಿದ್ದೇನೆ, ಹೇಳಲು ನಾಚಿಕೆ ಇಲ್ಲ. ಒಂದು ವೀರಗಲ್ಲಿನಲ್ಲಿ ಊರಿನ ಹೆಸರಿನ ಕೊನೆ ಒಡೆದಿತ್ತು. ಪಕ್ಕದಲ್ಲೇ 'ವೂರು' ಎಂದು ಮುಗಿಯುವ ಒಂದು ಊರಿತ್ತು, ಸರಿ, ಅದನ್ನೇ ತುಂಬಿದೆ. ಕಂಸ ಹಾಕಲು ಮರೆತೆ. ಎರಡು ವರ್ಷದ ನಂತರ ಸಂಜೆ ಬಿಸಿಲಿನಲ್ಲಿ ಮತ್ತೆ ನೋಡಿದರೆ ಅಲ್ಲಿ 'ಳ್ಳಿ'ಯ ಒತ್ತು ನಗುತ್ತಿತ್ತು. ಅಷ್ಟರಲ್ಲಿ ನನ್ನ ಓದನ್ನು ನಂಬಿ ಇನ್ನೊಬ್ಬರು ಲೇಖನವನ್ನೇ ಬರೆದಿದ್ದರು.

ಸಂಖ್ಯೆಗಳದ್ದು ಇನ್ನೂ ಫಜೀತಿ. ಈ ಶಾಸನದ ಜೀವ ಇರುವುದೇ ಸಂಖ್ಯೆಯಲ್ಲಿ. ಗ್ರೀಕರ ಆಗಿನ ಒಂದು ಪದ್ಧತಿಯಲ್ಲಿ ಸಂಖ್ಯೆಯ ಹೆಸರಿನ ಮೊದಲ ಅಕ್ಷರವೇ ಅದರ ಗುರುತು. ಸಾವಿರಕ್ಕೆ 'ಖಿಲಿಯೋಯ್', ಅದರ ಮೊದಲ ಅಕ್ಷರ ಖಿ. ನೂರಕ್ಕೆ 'ಹೆಕಟೋನ್'. ಹತ್ತಕ್ಕೆ 'ಡೆಕ'. ಐದಕ್ಕೆ 'ಪೆಂಟೆ'. ದಶ, ಪಂಚ ನೆನಪಾಯಿತಾ? ಅವರಿಗೂ ಸಂಸ್ಕೃತಕ್ಕೂ ಹಳೆಯ ನಂಟು. ಒಂದಕ್ಕೆ ಒಂದು ನೆಟ್ಟ ಗೀಟು. ಕೆಕ್ರಾಪ್ಸ್‌ನಿಂದ ಈಚೆಗೆ 1318 ವರ್ಷ ಎಂದು ಬರೆಯಲು ಒಂದು ಸಾವಿರ, ಮೂರು ನೂರು, ಒಂದು ಹತ್ತು, ಒಂದು ಐದು, ಮೂರು ಗೀಟು, ಹೀಗೆ ಒಂಬತ್ತು ಗುರುತು ಕೆತ್ತಬೇಕು. ಪದದಲ್ಲಿ ಒಂದು ಅಕ್ಷರ ಹೋದರೆ ಅರ್ಥದಿಂದ ಹಿಡಿಯಬಹುದು. ಸಂಖ್ಯೆಯಲ್ಲಿ ಒಂದು ಗುರುತು ಹೋದರೆ ಯಾವ ವ್ಯಾಕರಣವೂ ಕೈ ಹಿಡಿಯುವುದಿಲ್ಲ. ಒಂದು ಗೀಟು ಸವೆದರೆ ಒಂದು ವರ್ಷ, ಒಂದು ನೂರರ ಗುರುತು ಹೋದರೆ ಒಂದು ಶತಮಾನವೇ ಹೋಯಿತು.

ಇದಕ್ಕೆ ನನಗೆ ತುಂಬ ಇಷ್ಟವಾದ, ತುಂಬ ಬೇಜಾರೂ ಆಗುವ ಉದಾಹರಣೆ ಸ್ಯಾಫೋ. ಲೆಸ್ಬೋಸ್ ದ್ವೀಪದ ಕವಯಿತ್ರಿ. ಆಕೆಯ ಬದುಕಿನ ಬಗ್ಗೆ ಗಟ್ಟಿಯಾದ ಮಾಹಿತಿ ತೀರಾ ಕಡಿಮೆ. ಈ ಶಾಸನದಲ್ಲಿ ಆಕೆಗೆ ಒಂದು ನಮೂದು ಇದೆ, ಅದೂ ನೀವು ನೋಡಿದ ತುಂಡಿನಲ್ಲೇ. 'ಸ್ಯಾಫೋ ಮಿಟಿಲೀನಿಯಿಂದ ಸಿಸಿಲಿಗೆ ಹಡಗಿನಲ್ಲಿ ಹೋದಂದಿನಿಂದ, ತಪ್ಪಿಸಿಕೊಂಡು' ಎನ್ನುವವರೆಗೆ ಕಲ್ಲು ಸರಿಯಾಗಿದೆ. ಅಲ್ಲಿಗೆ ಮುರಿಯಿತು. ಯಾರಿಂದ ತಪ್ಪಿಸಿಕೊಂಡು? ಯಾತರಿಂದ? ಎಷ್ಟು ವರ್ಷ ಆಯಿತು? ಇವಿಷ್ಟೂ ಆ ಬಿರುಕಿನಲ್ಲಿ ಹೋಗಿವೆ. ಬಿರುಕು ದಾಟಿದ ಮೇಲೆ ಕಲ್ಲು ಮತ್ತೆ ಏನೂ ಆಗದ ಹಾಗೆ ಮುಂದುವರಿಯುತ್ತದೆ: ಅಥೆನ್ಸ್‌ನಲ್ಲಿ ಹಿರಿಯ ಕ್ರಿಟಿಯಾಸ್ ಆರ್ಕನ್ ಆಗಿದ್ದಾಗ, ಸಿಸಿಲಿಯ ಸಿರಕ್ಯೂಸ್‌ನಲ್ಲಿ ಭೂಮಾಲೀಕರ ಕೈಯಲ್ಲಿ ಅಧಿಕಾರ ಇದ್ದಾಗ.

ಕ್ರಿಟಿಯಾಸ್ ಯಾವ ವರ್ಷದ ಆರ್ಕನ್ ಅಂತ ಬೇರೆ ಕಡೆಯಿಂದ ಗೊತ್ತಾಗಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಅವನ ವರ್ಷಕ್ಕೂ ಈ ಮುರಿದ ಸಾಲೇ ಮುಖ್ಯ ಆಧಾರ. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೇವೆ. ಉಳಿದ ದಾರಿ ಒಂದೇ. ನಮೂದುಗಳು ಕಾಲದ ಕ್ರಮದಲ್ಲಿವೆ. ಇದಕ್ಕಿಂತ ಹಿಂದಿನದು ಇವತ್ತಿನ ಟರ್ಕಿಯಲ್ಲಿದ್ದ ಲಿಡಿಯಾ ರಾಜ್ಯದ ದೊರೆ ಅಲ್ಯಾಟಿಸ್ ಪಟ್ಟಕ್ಕೆ ಬಂದದ್ದು, ಸುಮಾರು ಕ್ರಿ.ಪೂ. 605. ಮುಂದಿನದು ಸುಮಾರು 591. ಹಾಗಾಗಿ ಸ್ಯಾಫೋಳ ಹಡಗು ಈ ಎರಡರ ನಡುವೆ ಎಂದೋ ಹೊರಟಿದೆ. ಇಷ್ಟನ್ನು ಖಂಡಿತ ಹೇಳಬಹುದು, ಮಧ್ಯದ ಒಂದು ವರ್ಷ ಆರಿಸಿ 'ಇದೇ' ಅಂದರೆ ಅದು ಆಸೆ.

ಟ್ರಾಯ್‌ಗೆ ಬರುತ್ತೇನೆ. ಸೆಲ್ಡನ್ ನಕಲು ಮಾಡಿದ ಸಾಲಿನ ಪ್ರಕಾರ ಟ್ರಾಯ್ ಬಿದ್ದು 945 ವರ್ಷ. ಶಾಸನದ ವರ್ಷ 264. ಕೂಡಿಸಿದರೆ 1209. ಆದರೆ ಇಲ್ಲೂ ಒಂದು ಕೊಕ್ಕೆ ಇದೆ. ಅದೇ ಕಲ್ಲು ಸಾಕ್ರಟೀಸ್ 70ನೇ ವಯಸ್ಸಿನಲ್ಲಿ ಸತ್ತದ್ದನ್ನೂ ಹೇಳುತ್ತದೆ, 137 ವರ್ಷದ ಹಿಂದೆ, ಲಾಖಿಸ್ ಆರ್ಕನ್ ಆಗಿದ್ದಾಗ. 264ಕ್ಕೆ 137 ಕೂಡಿಸಿದರೆ 401 ಬರುತ್ತದೆ. ಲಾಖಿಸ್‌ನ ವರ್ಷ ಮಾತ್ರ ನಮಗೆ ಖಚಿತವಾಗಿ ಗೊತ್ತು, ಅದು ಬೇಸಿಗೆಯಿಂದ ಬೇಸಿಗೆಗೆ 400–399. ಅಂದರೆ ಇಲ್ಲಿ ಲೆಕ್ಕ ಹಾಕಿದವನು ಎರಡೂ ತುದಿಯ ವರ್ಷಗಳನ್ನು ಸೇರಿಸಿ ಎಣಿಸಿದ್ದಾನೆ. ಸೋಮವಾರದಿಂದ ಸೋಮವಾರಕ್ಕೆ ಎಂಟು ದಿನ ಅನ್ನುತ್ತೇವಲ್ಲ, ಹಾಗೆ. ಎಲ್ಲ ಕಡೆ ಒಂದೇ ರೀತಿ ಎಣಿಸಿದ್ದಾನಾ ಅಂದರೆ ಅದೂ ಇಲ್ಲ. ಆದ್ದರಿಂದ ಟ್ರಾಯ್ 1209 ಎನ್ನುವವರೂ ಇದ್ದಾರೆ, 1208 ಎನ್ನುವವರೂ ಇದ್ದಾರೆ.

ಒಂದು ವರ್ಷ ಹೆಚ್ಚು ಕಡಿಮೆ, ಅದು ಬಿಡಿ. ನಂಬಬಹುದಾ ಅನ್ನುವುದು ನಿಮ್ಮ ಪ್ರಶ್ನೆ. ನನ್ನ ಉತ್ತರ: ಟ್ರಾಯ್ ಬಗ್ಗೆ ನಂಬಬೇಡಿ. ಕ್ರಿ.ಪೂ. ಮೂರನೇ ಶತಮಾನದ ಗ್ರೀಕರು ಟ್ರಾಯ್ ಬಗ್ಗೆ ಏನು ನಂಬಿದ್ದರು ಅನ್ನುವುದಕ್ಕೆ ನಂಬಿ. ಈ ಮಹಾಶಯ ಟ್ರಾಯ್ ಬಿದ್ದ ತಿಂಗಳು, ತಿಥಿ ಎಲ್ಲ ಕೊಡುತ್ತಾನೆ. ಥಾರ್ಗೆಲಿಯಾನ್ ಮಾಸ, ಕೊನೆಯಿಂದ ಏಳನೇ ದಿನ. ಒಂಬೈನೂರು ವರ್ಷ ಹಿಂದಿನ ಘಟನೆಗೆ ತಿಥಿ! ಅದೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಎರಟೋಸ್ತನೀಸ್ ಬೇರೆ ಲೆಕ್ಕ ಹಾಕಿ 1184 ಎಂದ. ಆಮೇಲೆ ಬಂದ ಬಹಳಷ್ಟು ಜನ ಅದನ್ನೇ ಹಿಡಿದರು. ಇಬ್ಬರೂ ದೊರೆಗಳ ಪಟ್ಟಿ, ತಲೆಮಾರಿನ ಎಣಿಕೆ ಇಟ್ಟುಕೊಂಡು ಹಿಂದಕ್ಕೆ ನಡೆದವರು. ಟ್ರಾಯ್ ಇದ್ದ ಜಾಗ ಎನ್ನುವ ಟರ್ಕಿಯ ಹಿಸಾರ್ಲಿಕ್ ದಿಬ್ಬದಲ್ಲಿ ಅಗೆದವರಿಗೆ ಸುಮಾರು 1180ರ ಹೊತ್ತಿಗೆ ಸುಟ್ಟ ಊರಿನ ಪದರ ಸಿಕ್ಕಿದೆ ನಿಜ. ಅದನ್ನು ತೋರಿಸಿ 'ನೋಡಿದಿರಾ, ಹೆಚ್ಚು ಕಡಿಮೆ ಸರಿಯೇ ಇತ್ತು' ಅನ್ನುವವರಿದ್ದಾರೆ. ಅದೇ ಕಲ್ಲಿನಲ್ಲಿ ದೇವತೆಗಳಾದ ಏರಿಸ್ ಮತ್ತು ಪೊಸೈಡನ್ ಅಥೆನ್ಸ್‌ನ ಗುಡ್ಡದ ಮೇಲೆ ಕೋರ್ಟು ಕಟ್ಟೆ ಹತ್ತಿದ್ದಕ್ಕೂ ವರ್ಷ ಕೊಟ್ಟಿದ್ದಾನೆ ಎಂಬುದನ್ನು ಅವರು ಹೇಳುವುದಿಲ್ಲ.

ಹಾಗಂತ ಇವನನ್ನು ಸುಳ್ಳುಗಾರ ಅನ್ನಬೇಡಿ. ಅವನಿಗೆ ಪುರಾಣ ಒಂದು ಕಡೆ, ಇತಿಹಾಸ ಇನ್ನೊಂದು ಕಡೆ ಎಂಬ ಗೆರೆ ಇರಲಿಲ್ಲ. ಗ್ರೀಕ್ ಪುರಾಣದ ಡಿಯೂಕಾಲಿಯನ್‌ನ ಕಾಲದ ಪ್ರಳಯಕ್ಕೆ ಹೇಗೆ ವರ್ಷ ಹಾಕಿದನೋ, ಪರ್ಷಿಯನ್ನರ ಎದುರು ನಡೆದ ಮರಾಥಾನ್ ಯುದ್ಧಕ್ಕೂ ಹಾಗೇ ಹಾಕಿದ. ಅವನ ರುಚಿ ಮಾತ್ರ ವಿಚಿತ್ರ. ಕವಿಗಳೆಂದರೆ ಪ್ರಾಣ. ಮರಾಥಾನ್ ಹೇಳುವಾಗ ನಾಟಕಕಾರ ಈಸ್ಕಿಲಸ್ 35ನೇ ವಯಸ್ಸಿನಲ್ಲಿ ಅಲ್ಲಿ ಕಾದಿದ ಎಂದು ಸೇರಿಸುತ್ತಾನೆ. ಸೋಫೋಕ್ಲಿಸ್ 28ನೇ ವಯಸ್ಸಿಗೆ ನಾಟಕ ಸ್ಪರ್ಧೆ ಗೆದ್ದದ್ದು, ಯಾರು ಮೊದಲು ಪ್ರಹಸನ ಆಡಿಸಿದರು, ಕವಿ ಹೆಸಿಯಡ್ ಹೋಮರ್‌ಗಿಂತ ಹಿರಿಯ ಅನ್ನುವುದು, ಎಲ್ಲ ಇದೆ. ಆದರೆ ಅಥೆನ್ಸ್ ಮತ್ತು ಸ್ಪಾರ್ಟಾ 27 ವರ್ಷ ಕಾದಾಡಿದ ಪೆಲೊಪೊನೀಷಿಯನ್ ಯುದ್ಧ? ಇಲ್ಲ. ಅಥೆನ್ಸ್‌ನ ದೊಡ್ಡ ನಾಯಕ ಪೆರಿಕ್ಲಿಸ್? ಇಲ್ಲ. ಕಾನೂನು ಕೊಟ್ಟ ಸೊಲೊನ್? ಅವನೂ ಇಲ್ಲ. ನಮ್ಮಲ್ಲಿ ಯಾರಾದರೂ ಕನ್ನಡನಾಡಿನ ಇತಿಹಾಸ ಕೆತ್ತಿಸಿ ಪಂಪ, ರನ್ನ, ಜನ್ನರ ವಯಸ್ಸನ್ನೆಲ್ಲ ಬರೆದು ತಾಳಿಕೋಟೆ ಯುದ್ಧವನ್ನು ಬಿಟ್ಟರೆ ಹೇಗಿರುತ್ತದೆ, ಹಾಗಿದೆ. ನನಗಂತೂ ಇವನ ಮೇಲೆ ಪ್ರೀತಿ ಬರುವುದು ಇಲ್ಲಿಯೇ.

ಈ ವಿಚಿತ್ರ ರುಚಿಯಿಂದಾಗಿ ಒಂದು ಕಾಲದಲ್ಲಿ ಅನುಮಾನವೂ ಹುಟ್ಟಿತ್ತು. 1788ರಲ್ಲಿ ಜೋಸೆಫ್ ರಾಬರ್ಟ್‌ಸನ್ ಎಂಬಾತ ಇದು ಅಸಲಿಯೇ ಎಂದು ಪ್ರಶ್ನಿಸಿ ಒಂದು ಪುಸ್ತಕವನ್ನೇ ಬರೆದ. ಗ್ರೀಕ್ ಪಂಡಿತ ರಿಚರ್ಡ್ ಪೋರ್ಸನ್ ಅದಕ್ಕೆ ಉತ್ತರ ಕೊಟ್ಟ. ವಾದ ಏನೇ ಇರಲಿ, ಗಟ್ಟಿ ಸಾಕ್ಷಿ ಬಂದದ್ದು 1897ರಲ್ಲಿ. ಪಾರೋಸ್ ದ್ವೀಪದಲ್ಲೇ ಮೂರನೇ ತುಂಡು ಸಿಕ್ಕಿತು. ಅದೇ ಬಗೆಯ ನಮೂದು, ಅದೇ 'ಅಫ್ ಹೂ', ಅದೇ ಎಣಿಕೆ. ಆಕ್ಸ್‌ಫರ್ಡ್‌ನ ತುಂಡು ಕ್ರಿ.ಪೂ. 355ರ ಹತ್ತಿರ ನಿಲ್ಲುತ್ತದೆ. ಹೊಸ ತುಂಡು 336ರಲ್ಲಿ ಶುರುವಾಗಿ 299ರ ಹತ್ತಿರ ನಿಲ್ಲುತ್ತದೆ. ಮಧ್ಯದ ಸುಮಾರು ಇಪ್ಪತ್ತು ವರ್ಷ ಇಲ್ಲ. ಕೊನೆಯ ಮೂವತ್ತೈದು ವರ್ಷವೂ ಇಲ್ಲ. ಮೂರನೇ ತುಂಡು ಇವತ್ತಿಗೂ ಪಾರೋಸ್‌ನ ಮ್ಯೂಸಿಯಂನಲ್ಲೇ ಇದೆ. ಮೂರನ್ನೂ ಸೇರಿಸಿ 1904ರಲ್ಲಿ ಒಳ್ಳೆಯ ಆವೃತ್ತಿ ಮಾಡಿದವನು ಜರ್ಮನಿಯ ಫೆಲಿಕ್ಸ್ ಯಾಕೋಬಿ. ಅವನು ಯಹೂದಿ. ನಾತ್ಸಿಗಳ ಕಾಟಕ್ಕೆ 1939ರಲ್ಲಿ ದೇಶ ಬಿಟ್ಟು ಬಂದು ನೆಲೆಸಿದ್ದು ಎಲ್ಲಿ ಗೊತ್ತಾ? ಆಕ್ಸ್‌ಫರ್ಡ್‌ನಲ್ಲಿ. ತಾನು ಯೌವನದಲ್ಲಿ ತಿದ್ದಿದ ಕಲ್ಲು ಇರುವ ಊರಿಗೇ.

ಆ ಮೂರನೇ ತುಂಡಿನಲ್ಲಿ ನಮಗೂ ಸಂಬಂಧಪಟ್ಟ ಒಂದು ಸಾಲು ಇದೆ. ಅಲೆಕ್ಸಾಂಡರ್ ಸತ್ತದ್ದು, ಅವನ ದಂಡನಾಯಕ ಟಾಲೆಮಿ ಈಜಿಪ್ಟ್ ಹಿಡಿದದ್ದು ಎಲ್ಲ ಆದ ಮೇಲೆ, ಕ್ರಿ.ಪೂ. 309ರ ಹತ್ತಿರ, 'ಮಗ ಟಾಲೆಮಿ ಕೋಸ್ ದ್ವೀಪದಲ್ಲಿ ಹುಟ್ಟಿದ' ಎಂಬ ನಮೂದು ಬರುತ್ತದೆ. ಆ ಮಗು ಬೆಳೆದು ಈಜಿಪ್ಟ್‌ನ ಎರಡನೇ ಟಾಲೆಮಿಯಾದ. ಪಾರೋಸ್‌ನವನು ಕಲ್ಲು ಕೆತ್ತಿಸುತ್ತಿದ್ದಾಗ ಇವನೇ ರಾಜ್ಯವಾಳುತ್ತಿದ್ದ. ಅದೇ ಹೊತ್ತಿಗೆ ನಮ್ಮ ಕಡೆ ಅಶೋಕ ಪಟ್ಟಕ್ಕೆ ಬಂದು ಕೆಲವು ವರ್ಷವಾಗಿತ್ತು. ಅಶೋಕ ತನ್ನ ಹದಿಮೂರನೇ ಬಂಡೆ ಶಾಸನದಲ್ಲಿ ದೂರದ ಐವರು ಯವನ ದೊರೆಗಳ ಹೆಸರು ಹೇಳುತ್ತಾನೆ: ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುದರ. ಈ ತುರಮಾಯನೇ ಆ ಟಾಲೆಮಿ. ಮಸ್ಕಿಯಲ್ಲಿ, ಬ್ರಹ್ಮಗಿರಿಯಲ್ಲಿ ಇರುವ ಅಶೋಕನ ಶಾಸನಗಳಲ್ಲಿ ಈ ಭಾಗ ಇಲ್ಲ. ಇದನ್ನು ಕಲ್ಲಿನ ಮೇಲೆ ನೋಡಬೇಕೆಂದರೆ ನಮಗೆ ಹತ್ತಿರದ್ದು ಬಳ್ಳಾರಿಯಿಂದ ಆಚೆ, ಆಂಧ್ರದ ಎರ್ರಗುಡಿ. ಪಾರೋಸ್‌ನ ಅಮೃತಶಿಲೆಯಲ್ಲಿ ಕೂಸಾಗಿದ್ದವನು ಎರ್ರಗುಡಿಯ ಬಂಡೆಯಲ್ಲಿ ದೊರೆಯಾಗಿ ಸಿಗುತ್ತಾನೆ. ಇಬ್ಬರೂ ಹೇಳದೆ ಕೇಳದೆ ಒಬ್ಬರಿಗೊಬ್ಬರು ಸಾಕ್ಷಿ.

ಇನ್ನು ಕಾಣೆಯಾದ ಮೇಲಿನ ತುಂಡು ಸಿಗಬಹುದಾ ಅಂತ ನೀವು ಕೇಳಿಲ್ಲ. ಆದರೆ ಮನಸ್ಸಿನಲ್ಲಿ ಇರುತ್ತದೆ. ಅರುಂಡೆಲ್ ಹೌಸ್ ಈಗ ಇಲ್ಲ. ಅದನ್ನು ಕೆಡವಿ ಜಾಗದಲ್ಲಿ ಬೀದಿ ಮಾಡಿದರು. ಹೆಸರು ಮಾತ್ರ ಉಳಿದಿದೆ, ಅರುಂಡೆಲ್ ಸ್ಟ್ರೀಟ್. ಮುಂದಿನ ಸಲ ಮಗಳ ಮನೆಗೆ ಹೋದಾಗ ಲಂಡನ್‌ನ ಟೆಂಪಲ್ ಮೆಟ್ರೋ ಸ್ಟೇಷನ್‌ನಲ್ಲಿ ಇಳಿಯಿರಿ. ಪಕ್ಕದಲ್ಲೇ ನದಿಯ ಕಡೆಯಿಂದ ಸ್ಟ್ರಾಂಡ್ ರಸ್ತೆಗೆ ಏರುವ ಬೀದಿ ಅದು. ಎರಡೂ ಕಡೆ ದೊಡ್ಡ ದೊಡ್ಡ ಕಟ್ಟಡ. ಮೊದಲ 45 ಸಾಲನ್ನು ಕೊನೆಯ ಸಲ ಮನುಷ್ಯರು ಓದಿದ್ದು ಅಲ್ಲೇ ಎಲ್ಲೋ.